ಮೊದಲ ಸಂಬಳ ಬಂತು, ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸರ್ವಿಸ್ ಡೆಸ್ಕ್ ಕೆಲಸಕ್ಕೆ ಸೇರಿದ್ದೇನೆ. ಎಲ್1 ಸಪೋರ್ಟ್ ಅಂತಾರಲ್ಲ, ಅದೇ. ಯಾರದೋ ಪಾಸ್‌ವರ್ಡ್ ಲಾಕ್ ಆದರೆ, ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಕನೆಕ್ಟ್ ಆಗದಿದ್ದರೆ, ಪ್ರಿಂಟರ್ ಕೈಕೊಟ್ಟರೆ ಮೊದಲು ಫೋನ್ ಎತ್ತುವವಳು ನಾನು. ಮೊನ್ನೆ ಮೊದಲ ಸಂಬಳ ಬಂತು. ಶಿರಾದಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದಾಯ್ತು, ಇನ್ನು ನಿಮಗೆಲ್ಲ ಹೇಳಬೇಕು.

ಬಿಸಿಎ ಮುಗಿಸಿ ಕೆಲಸ ಹುಡುಕುವವರಿಗೆಲ್ಲ ಈ ಕಷ್ಟ ಗೊತ್ತು. ಫ್ರೆಷರ್ ಬೇಕು ಅಂತ ಮೇಲೆ ಬರೆದಿರುತ್ತಾರೆ, ಕೆಳಗೆ ಒಂದು ವರ್ಷದ ಅನುಭವ ಕೇಳಿರುತ್ತಾರೆ. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಹೇಳಿ? ನನಗೆ ಅದು ಬಂದಿದ್ದು ಎಸ್.ಪಿ. ರಸ್ತೆಯ ಒಂದು ಪುಟ್ಟ ಕಂಪ್ಯೂಟರ್ ಅಂಗಡಿಯಿಂದ. ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸೋಕೆ ಹೋದವಳು ಅಲ್ಲೇ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದೆ. ಅಂಗಡಿಯ ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, 'ಮಧ್ಯಾಹ್ನದ ಮೇಲೆ ಬಾಮ್ಮ, ಆಗ ಗಿರಾಕಿ ಕಡಿಮೆ' ಅಂದರು. ಆಮೇಲೆ ವಾರಗಟ್ಟಲೆ ಹೋದೆ. ನೆಟ್‌ವರ್ಕ್ ಕೇಬಲ್ ಸುಲಿದು ಒಳಗಿನ ಎಂಟು ತಂತಿ ಬಿಡಿಸಿ, ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಅಂತ ಸಾಲಾಗಿ ಹಿಡಿದು ಕ್ರಿಂಪ್ ಮಾಡೋದನ್ನ, ಅಂದ್ರೆ ತುದಿಯ ಪ್ಲಗ್‌ಗೆ ಒತ್ತಿ ಕೂರಿಸೋದನ್ನ, ಕೈಯಲ್ಲಿ ಮಾಡಿಸಿ ಕಲಿಸಿದ್ದು ಅವರು. ಒಂದು ರೂಪಾಯಿ ಫೀಸ್ ತಗೊಳ್ಳಲಿಲ್ಲ. ಚಹಾದ ದುಡ್ಡು ಕೊಡೋಕೂ ಬಿಡಲಿಲ್ಲ.

ಇಂಟರ್‌ವ್ಯೂನಲ್ಲಿ ನನ್ನ ಕೈ ಹಿಡಿದಿದ್ದೂ ಅದೇ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ 'ಇಂಟರ್ನೆಟ್ ಬರ್ತಿಲ್ಲ, ಏನ್ ಮಾಡ್ತೀರಾ?' ಅಂತ ಕೇಳಿದರು. ಐಪಿ ವಿಳಾಸ, ಅಂದ್ರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ನಂಬರ್ ನೋಡಿದೆ, 169.254 ಅಂತ ಶುರುವಾಗಿತ್ತು. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸ ಸಿಗದೇ ಇದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಅಂಗಡಿಯಲ್ಲಿ ಎಷ್ಟು ಸಲ ನೋಡಿದ್ದೆನೋ. ಮೊದಲು ಕೇಬಲ್, ಆಮೇಲೆ ಆ ಕೇಬಲ್ ಹೋಗಿ ಸೇರುವ ನೆಟ್‌ವರ್ಕ್ ಸ್ವಿಚ್‌ನ ಪೋರ್ಟ್, ಆಮೇಲೆ ವಿಳಾಸ ರಿನ್ಯೂ ಮಾಡೋದು ಅಂತ ಹೇಳಬೇಕು, ಇಂಗ್ಲಿಷ್ ತಡವರಿಸಿತು. ಎದುರಿಗಿದ್ದ ಸರ್ 'ಕನ್ನಡದಲ್ಲೇ ಹೇಳಿಬಿಡಮ್ಮ, ನನಗೆ ವಿಷಯ ಮುಖ್ಯ' ಅಂದರು. ಸರ್, ಆ ಒಂದು ಮಾತಿಗೆ ನಾನು ಯಾವತ್ತೂ ಋಣಿ.

ಚಿಕ್ಕಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಕಾಮಾಕ್ಷಿಪಾಳ್ಯದ ಒಂದೇ ರೂಮಿನ ಮನೆ, ಅದರಲ್ಲೇ ನನಗೂ ಜಾಗ ಮಾಡಿಕೊಟ್ಟರು. ಪೀಣ್ಯದ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಎದ್ದು ಓಡುವ ಅವರು ನನಗೂ ಸೇರಿಸಿ ಡಬ್ಬಿ ಕಟ್ಟಿಡುತ್ತಿದ್ದರು. 'ಇನ್ನೂ ಆಗಿಲ್ವಾ?' ಅಂತ ಒಂದು ದಿನವೂ ಕೇಳಲಿಲ್ಲ. ಊರಿನಲ್ಲಿ ಕೇಳುವವರು ಬೇಕಾದಷ್ಟು ಜನ ಇದ್ದರಲ್ಲ, ಅವರಿಗೆಲ್ಲ ಫೋನಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗಿಸಿದ್ದೂ ಅವರೇ.

ಪಕ್ಕದ ಮನೆ ಅಕ್ಕನಿಗೂ ಥ್ಯಾಂಕ್ಸ್. ಒಂದು ಕನ್ಸಲ್ಟೆನ್ಸಿಯವರು ಡೆಪಾಸಿಟ್ ಕಟ್ಟಿದರೆ ಕೆಲಸ ಗ್ಯಾರಂಟಿ ಅಂದಿದ್ದರು, ಅಮ್ಮನ ಸರ ಅಡ ಇಡೋಕೆ ಅಪ್ಪ ರೆಡಿಯಾಗಿದ್ದರು. ಅಕ್ಕ ಅಪ್ಪನ ಹತ್ರ ತಾವೇ ಮಾತಾಡಿದರು. 'ಕೆಲಸ ಕೊಡೋರು ಸಂಬಳ ಕೊಡ್ತಾರೆ ಅಣ್ಣ, ದುಡ್ಡು ಕೇಳೋದಿಲ್ಲ' ಅಂತ. ಸರ ಉಳೀತು.

ಇನ್ನೊಂದು ಮಾತು. ಸರ್ಕಾರದ ಯೋಜನೆ ಅಂದ್ರೆ ಮೂಗು ಮುರಿಯುವವರು ಜಾಸ್ತಿ. ನನ್ನ ಅನುಭವ ಬೇರೆ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಇಲ್ಲದಿದ್ದಾಗ ಯುವನಿಧಿಯ 3,000 ರೂಪಾಯಿ ತಿಂಗಳಿಗೆ ಬರುತ್ತಿತ್ತು. ಆಧಾರ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತಗೊಂಡು ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಇಂಟರ್‌ವ್ಯೂಗೆ ಹೋಗಿದ್ದೇನೆ. ಅವೆರಡೂ ಇಲ್ಲದಿದ್ದರೆ ನಾನು ಯಾವಾಗಲೋ ಊರಿಗೆ ವಾಪಸ್ ಹೋಗಿರುತ್ತಿದ್ದೆ, ಇದು ನಿಜ. ಈಗ ಮೆಟ್ರೋದಲ್ಲೇ ಓಡಾಟ: ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್.ವಿ. ರಸ್ತೆಯಲ್ಲಿ ಇನ್ನೊಂದು ಸಲ ಬದಲಾಯಿಸಿ ಹಳದಿ ಮಾರ್ಗ ಹಿಡಿದರೆ ಆಯ್ತು. 2025ರ ಆಗಸ್ಟ್‌ನಲ್ಲಿ ಆ ಮಾರ್ಗ ಶುರುವಾಗೋ ಮುಂಚೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು.

ಕಬ್ಬನ್ ಪಾರ್ಕ್ ಲೈಬ್ರರಿಯಲ್ಲಿ ಪರಿಚಯವಾದ ಗೆಳತಿಯರೇ, ಮರದ ಕೆಳಗೆ ಕೂತು ಇಂಟರ್‌ವ್ಯೂ ಮಾಡೋರ ತರ ನನ್ನನ್ನ ಕಾಡಿಸಿದಿರಲ್ಲ, ಅದೆಲ್ಲ ಕೆಲಸಕ್ಕೆ ಬಂತು. ನಿಮ್ಮ ಸರದಿ ಬಂದಾಗ ನಾನು ರಜೆ ಹಾಕಿ ಬರ್ತೀನಿ.

ಕೊನೆಗೊಂದು ವಿನಂತಿ. ಅಂಗಡಿಯ ಅಣ್ಣನ ಹತ್ರ ಈಗ ಇನ್ನಿಬ್ಬರು ಹುಡುಗರು ಕಲೀತಿದ್ದಾರೆ. ಒಬ್ಬ ಐಟಿಐ, ಇನ್ನೊಬ್ಬ ಡಿಪ್ಲೊಮಾ. ಕೇಬಲಿಂಗ್, ವಿಂಡೋಸ್ ಇನ್‌ಸ್ಟಾಲ್, ಪ್ರಿಂಟರ್ ಎಲ್ಲ ಚೆನ್ನಾಗಿ ಬರುತ್ತೆ. ನಿಮ್ಮ ಆಫೀಸಿನಲ್ಲಿ ಡೆಸ್ಕ್‌ಟಾಪ್ ಸಪೋರ್ಟ್‌ಗೆ ಫ್ರೆಷರ್ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ರೆಸ್ಯೂಮೆ ಕಳಿಸ್ತೀನಿ.