ನಾಲ್ಕನೇ ಶನಿವಾರ ರಾತ್ರಿ ಮುಖ್ಯ ಸರ್ವರ್ ಬದಲಾವಣೆ: ಗ್ರಾಹಕರ ಗಮನಕ್ಕೆ

ಮಾನ್ಯ ಗ್ರಾಹಕರೇ,

ಈ ತಿಂಗಳ ನಾಲ್ಕನೇ ಶನಿವಾರ ರಾತ್ರಿ 11 ಗಂಟೆಗೆ ನಿಮ್ಮ ಬಿಲ್ಲು, ಸ್ಟಾಕು, ಖಾತೆಗಳೆಲ್ಲ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮುಖ್ಯ ಸರ್ವರನ್ನು ಬದಲಾಯಿಸುತ್ತೇವೆ. ಒಂದು ನಿಮಿಷದಷ್ಟು ಹೊತ್ತು ಪರದೆಯ ಮೇಲೆ ಚಕ್ರ ತಿರುಗುತ್ತದೆ, ಆಮೇಲೆ ಎಂದಿನಂತೆ ಕೆಲಸ ಸಾಗುತ್ತದೆ. ಹೆಚ್ಚಿನವರು ಏನೂ ಮಾಡಬೇಕಿಲ್ಲ. ಎಕ್ಸೆಲ್‌ನಿಂದಲೋ ತಮ್ಮದೇ ತಂತ್ರಾಂಶದಿಂದಲೋ ಡೇಟಾಬೇಸಿಗೆ ನೇರವಾಗಿ ಕನೆಕ್ಟ್ ಆಗುವವರು ಮಾತ್ರ ಶುಕ್ರವಾರದೊಳಗೆ ಒಂದು ಸಾಲು ತಿದ್ದಬೇಕು, ಅದು ಕೆಳಗಿದೆ.

ದಿನವನ್ನು ಲೆಕ್ಕ ಹಾಕಿಯೇ ಆರಿಸಿದ್ದೇವೆ. 11ನೇ ತಾರೀಕಿನ ಜಿಎಸ್‌ಟಿಆರ್-1, 20ರ 3ಬಿ, ಈ ಎರಡೂ ಜಿಎಸ್‌ಟಿ ರಿಟರ್ನುಗಳು ಅಷ್ಟರಲ್ಲಿ ಮುಗಿದಿರುತ್ತವೆ. ಬ್ಯಾಂಕಿಗೆ ರಜೆ. ತಿಂಗಳ ಕೊನೆಯ ಸ್ಟಾಕ್ ಲೆಕ್ಕ ಇನ್ನೂ ಶುರುವಾಗಿರುವುದಿಲ್ಲ. ಡೈರಿ ಸಂಘಗಳಿಗೆ ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಇನ್ನೂ ಆರೇಳು ಗಂಟೆ ಸಮಯವಿರುತ್ತದೆ.

ಬದಲಾವಣೆ ಏಕೆ? ನಮ್ಮಲ್ಲಿ ಎರಡು ಯಂತ್ರಗಳಿವೆ. ಒಂದು ಮುಖ್ಯ ಸರ್ವರ್, ಇನ್ನೊಂದು ಅದರ ನಕಲನ್ನು ಇಟ್ಟುಕೊಂಡು ಸಿದ್ಧವಾಗಿರುವ ಸ್ಟ್ಯಾಂಡ್‌ಬೈ. ಸಹಕಾರ ಸಂಘದ ಲೆಕ್ಕ ಬರೆದವರಿಗೆ ಇದು ಬೇಗ ತಿಳಿಯುತ್ತದೆ: ವ್ಯವಹಾರ ಮೊದಲು ಕೀರ್ದಿಗೆ, ಆಮೇಲೆ ಖತಾವಣಿಗೆ. ಪೋಸ್ಟ್‌ಗ್ರೆಸ್ ಕೂಡ ಪ್ರತಿ ಬದಲಾವಣೆಯನ್ನು ಮೊದಲು ವಾಲ್ ಎಂಬ ಕೀರ್ದಿಯಲ್ಲಿ ಬರೆಯುತ್ತದೆ. ಸ್ಟ್ಯಾಂಡ್‌ಬೈ ಆ ಕೀರ್ದಿಯನ್ನು ಆಗಿಂದಾಗಲೇ ತರಿಸಿಕೊಂಡು ತನ್ನ ಖತಾವಣಿಗೆ ಏರಿಸುತ್ತಾ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನ ಭದ್ರತಾ ಪರಿಷ್ಕರಣೆಯನ್ನು ಮೊದಲು ಸ್ಟ್ಯಾಂಡ್‌ಬೈಗೆ ಹಾಕುವುದು ರೂಢಿ: ಹಳೆ ಆವೃತ್ತಿ ಬರೆದ ಕೀರ್ದಿಯನ್ನು ಹೊಸದು ಓದುತ್ತದೆ ಎಂಬ ಭರವಸೆ ಇದೆ, ಅದರ ತಿರುಗುಮುರುಗಿಗೆ ಅಷ್ಟು ಭರವಸೆ ಇಲ್ಲ. ಸ್ಟ್ಯಾಂಡ್‌ಬೈ ಪರಿಷ್ಕರಣೆ ಮುಗಿದಿದೆ. ಈಗ ಅದನ್ನೇ ಮುಖ್ಯವಾಗಿಸಿದರೆ ಹಳೆಯದನ್ನು ಹಗಲಿನಲ್ಲೇ ನಿಧಾನವಾಗಿ ಸರಿಪಡಿಸಬಹುದು.

ಆ ರಾತ್ರಿ ನಡೆಯುವುದು ಇಷ್ಟು. 10:30ಕ್ಕೆ ಸ್ಟ್ಯಾಂಡ್‌ಬೈ ಎಷ್ಟು ಹಿಂದಿದೆ ಎಂದು ನೋಡುತ್ತೇವೆ. ಒಂದು ವಾಲ್ ಫೈಲು 16 ಎಂಬಿ. ಅಷ್ಟಕ್ಕಿಂತ ಹೆಚ್ಚು ಬಾಕಿಯಿದ್ದರೆ ಕೆಲಸ ಶುರು ಮಾಡುವುದಿಲ್ಲ. ಬ್ಯಾಕಪ್, ಎಸ್‌ಎಂಎಸ್, ದಿನದಂತ್ಯದ ಲೆಕ್ಕ ಇವುಗಳ ಟೈಮರ್‌ಗಳನ್ನು ನಿಲ್ಲಿಸುತ್ತೇವೆ. ನಂತರ ಕೈಯಾರೆ ಒಂದು ಚೆಕ್‌ಪಾಯಿಂಟ್ ಓಡಿಸುತ್ತೇವೆ, ಅಂದರೆ ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಬರೆಸುತ್ತೇವೆ. ಇದನ್ನು ಬಿಟ್ಟರೆ ಸರ್ವರ್ ನಿಲ್ಲುವಾಗ ಮೆಮೊರಿಯಲ್ಲಿ ಉಳಿದ ಪುಟಗಳನ್ನೆಲ್ಲ ಒಮ್ಮೆಗೇ ಡಿಸ್ಕಿಗೆ ಬರೆಯುತ್ತಾ ಕೂರುತ್ತದೆ, ನಿಮ್ಮ ಒಂದು ನಿಮಿಷ ನಾಲ್ಕೈದಾಗುತ್ತದೆ.

11ಕ್ಕೆ ಪಿಜಿಬೌನ್ಸರ್‌ಗೆ ಪಾಜ್ (ತಡೆದು ನಿಲ್ಲಿಸು) ಆಜ್ಞೆ. ನಿಮ್ಮ ಅಪ್ಲಿಕೇಶನ್‌ಗೂ ಡೇಟಾಬೇಸಿಗೂ ನಡುವೆ ನಿಲ್ಲುವ ಬಾಗಿಲು ಅದು. ಒಳಗಿರುವ ವ್ಯವಹಾರ ಮುಗಿಯುವವರೆಗೆ ಕಾಯುತ್ತದೆ, ಹೊಸಬರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಹಾಗಾಗಿ ನಿಮಗೆ ಕಾಣುವುದು ಎರರ್ ಅಲ್ಲ, ತಡ. ಆದರೆ ಸಾಲಿನಲ್ಲಿ ನಿಂತವರಿಗೂ ಒಂದು ಮಿತಿಯಿದೆ: ಯಾರೂ ಬದಲಿಸದಿದ್ದರೆ 120 ಸೆಕೆಂಡು, ಆಮೇಲೆ ಬೌನ್ಸರ್ ತಾನೇ ಕನೆಕ್ಷನ್ ಕಡಿಯುತ್ತದೆ. ಆದ್ದರಿಂದ ನಮ್ಮ ಗಡುವು 90 ಸೆಕೆಂಡು. ಯಾರೋ ವ್ಯವಹಾರ ಶುರು ಮಾಡಿ, ಮುಗಿಸದೆ ಪರದೆ ತೆರೆದಿಟ್ಟು ಊಟಕ್ಕೆ ಹೋಗಿದ್ದರೆ ಅವರ ಒಂದು ಕನೆಕ್ಷನ್ ಇಡೀ ಕೆಲಸವನ್ನು ತಡೆಹಿಡಿಯಬಲ್ಲದು. ಅಂಥವನ್ನು 10:55ಕ್ಕೇ ಕಡಿದುಹಾಕುತ್ತೇವೆ. ಮುಗಿಯದ ನಮೂದು ರದ್ದಾಗುತ್ತದೆ, ಮತ್ತೆ ಹಾಕಬೇಕಾಗುತ್ತದೆ.

ಬಾಗಿಲು ಮುಚ್ಚಿದ ಮೇಲೆ ಹಳೆ ಮುಖ್ಯ ಸರ್ವರನ್ನು ಫಾಸ್ಟ್ ವಿಧಾನದಲ್ಲಿ ನಿಲ್ಲಿಸುತ್ತೇವೆ. ಇಮ್ಮೀಡಿಯೆಟ್ ವಿಧಾನ ಬಳಸುವುದಿಲ್ಲ, ಅದು ಪ್ಲಗ್ ಕಿತ್ತಂತೆ. ಫಾಸ್ಟ್ ವಿಧಾನದಲ್ಲಿ ಹಳೆಯದು ಕೊನೆಯ ಚೆಕ್‌ಪಾಯಿಂಟ್ ಸಾಲು ಬರೆದು, ಸಂಪರ್ಕದಲ್ಲಿರುವ ಸ್ಟ್ಯಾಂಡ್‌ಬೈಗೆ ಅದು ತಲುಪಿದ ಮೇಲೆಯೇ ಕಣ್ಣು ಮುಚ್ಚುತ್ತದೆ. ಆದರೂ ನಂಬಿ ಮುಂದೆ ಹೋಗುವುದಿಲ್ಲ. ಹಳೆಯದರ ಕೊನೆಯ ಚೆಕ್‌ಪಾಯಿಂಟಿನ ಗುರುತು ಓದಿ, ಸ್ಟ್ಯಾಂಡ್‌ಬೈ ಏರಿಸಿಕೊಂಡ ಗುರುತು ಅದನ್ನು ದಾಟಿದೆಯೇ ಎಂದು ಇಬ್ಬರು ಬೇರೆ ಬೇರೆ ನೋಡುತ್ತಾರೆ. ದಾಟಿರದಿದ್ದರೆ ಹಳೆಯದನ್ನೇ ಮತ್ತೆ ಚಾಲೂ ಮಾಡಿ ಬಾಗಿಲು ತೆರೆಯುತ್ತೇವೆ. ಆ ಘಟ್ಟದವರೆಗೆ ವಾಪಸ್ ಬರುವುದು ಸುಲಭ. ಸ್ಟ್ಯಾಂಡ್‌ಬೈಗೆ ಬಡ್ತಿ ಕೊಟ್ಟ ಕ್ಷಣ ಅದು ಹೊಸ ಟೈಮ್‌ಲೈನ್ ಶುರು ಮಾಡುತ್ತದೆ, ಅಂದರೆ ಹೊಸ ಕೀರ್ದಿ ಪುಸ್ತಕ.

ನಮಗಿರುವ ದೊಡ್ಡ ಭಯ ಡೇಟಾ ಕಳೆದುಹೋಗುವುದಲ್ಲ, ಇಬ್ಬರು ಯಜಮಾನರಾಗುವುದು. ಹಳೆ ಯಂತ್ರ ರೀಬೂಟ್ ಆಗಿ ತಾನಿನ್ನೂ ಮುಖ್ಯ ಎಂದುಕೊಂಡು ಎದ್ದರೆ, ಒಂದು ಅಂಗಡಿಯ ಬಿಲ್ಲು ಇಲ್ಲಿ, ಇನ್ನೊಂದರದು ಅಲ್ಲಿ. ಎರಡನ್ನೂ ಆಮೇಲೆ ಹೊಲಿದು ಜೋಡಿಸಲು ಯಂತ್ರಕ್ಕೆ ಬರುವುದಿಲ್ಲ. ಅದಕ್ಕೇ ಹಳೆಯದು ತಾನಾಗಿ ಏಳದಂತೆ ಮೊದಲೇ ಮಾಡಿ, ‘ಸ್ಟ್ಯಾಂಡ್‌ಬೈ ಆಗಿಯೇ ಏಳು’ ಎಂದು ಹೇಳುವ ಸ್ಟ್ಯಾಂಡ್‌ಬೈ ಸಿಗ್ನಲ್ ಫೈಲು ಇಟ್ಟ ನಂತರವೇ ಏಳಿಸುತ್ತೇವೆ. ಇನ್ನೊಂದು ಅಪಾಯ: ‘ಸ್ಟ್ಯಾಂಡ್‌ಬೈ ತಲುಪಿತು ಎನ್ನುವವರೆಗೆ ಕಮಿಟ್ (ನಮೂದನ್ನು ಖಾಯಂ ಮಾಡುವುದು) ಬೇಡ’ ಎಂಬ ಸಿಂಕ್ರೊನಸ್ ಸೆಟ್ಟಿಂಗ್ ಹೊಸ ಸರ್ವರಿನಲ್ಲಿ ಹಾಗೇ ಉಳಿದಿದ್ದರೆ, ಮಲಗಿರುವ ಹಳೆ ಯಂತ್ರಕ್ಕಾಗಿ ಪ್ರತಿ ಬಿಲ್ಲೂ ಕಾಯುತ್ತಾ ನಿಲ್ಲುತ್ತದೆ. ಹಳೆಯದು ಸ್ಟ್ಯಾಂಡ್‌ಬೈ ಆಗಿ ಸೇರಿಕೊಳ್ಳುವವರೆಗೆ ಅದನ್ನು ಖಾಲಿ ಬಿಡುತ್ತೇವೆ.

ಕನ್ನಡದಲ್ಲಿ ಹೆಸರು ದಾಖಲಿಸುವವರು ಕೇಳಿದ್ದ ಒಂದು ಪ್ರಶ್ನೆ: ಹುಡುಕಾಟ ಕೆಡುತ್ತದೆಯೇ? ಒಳ್ಳೆಯ ಪ್ರಶ್ನೆ. ಇಂಡೆಕ್ಸ್ ಎಂದರೆ ಅಕ್ಷರಾನುಕ್ರಮದ ಪಟ್ಟಿ, ಆ ಕ್ರಮವನ್ನು ಹೇಳುವುದು ಲಿನಕ್ಸಿನ ಜಿಲಿಬ್‌ಸಿ ಎಂಬ ಮೂಲ ತಂತ್ರಾಂಶ. 2018ರಲ್ಲಿ ಬಂದ ಅದರ 2.28 ಆವೃತ್ತಿ ಕ್ರಮವನ್ನೇ ಬದಲಿಸಿತು. ಒಂದು ಯಂತ್ರದಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಇಂಡೆಕ್ಸ್ ಹಾಗೇ ನಕಲಾಗಿ ಬರುತ್ತದೆ, ಓದುವ ಕ್ರಮ ಮಾತ್ರ ಬೇರೆ. ಇರುವ ಕೃಷ್ಣಪ್ಪನವರನ್ನು ‘ಇಲ್ಲ’ ಎನ್ನುತ್ತದೆ, ನೀವು ಮತ್ತೊಮ್ಮೆ ಸೇರಿಸಿದರೆ ಒಪ್ಪಿಕೊಂಡೂಬಿಡುತ್ತದೆ. ಪರೀಕ್ಷೆ ಸರಳ: 1-1 ಮತ್ತು 11 ಎಂದು ಎರಡು ಸಾಲು ಬರೆದು ಯುಎಸ್ ಇಂಗ್ಲಿಷ್ ಲೊಕೇಲಿನಲ್ಲಿ (ಭಾಷೆ-ಪ್ರದೇಶದ ಸೆಟ್ಟಿಂಗ್) ಸಾರ್ಟ್ ಮಾಡಿದರೆ ಹಳೆಯದು 11 ಅನ್ನು ಮೊದಲಿಡುತ್ತದೆ, ಹೊಸದು 1-1 ಅನ್ನು. (ಸರ್ವೆ ನಂಬರು ದಾಖಲಿಸುವ ಸಂಘಗಳಿಗೆ ಇದು ಬರೀ ಉದಾಹರಣೆಯಲ್ಲ.) ನಮ್ಮ ಎರಡು ಯಂತ್ರಗಳಲ್ಲೂ ಒಂದೇ ಆವೃತ್ತಿ ಇದೆ, ಉತ್ತರವೂ ಒಂದೇ ಬಂದಿದೆ.

ಭಾನುವಾರ ಕಣ್ಣಿಗೆ ಬೀಳುವ ಒಂದು ಬದಲಾವಣೆ: ಒಳಗಿನ ನಮೂದು ಸಂಖ್ಯೆ ಜಿಗಿದಿರಬಹುದು, 4,210 ಆದ ಮೇಲೆ 4,237 ಎಂಬಂತೆ. ಪೋಸ್ಟ್‌ಗ್ರೆಸ್ ಸೀಕ್ವೆನ್ಸ್‌ಗಳನ್ನು (ಈ ಸಂಖ್ಯೆ ಕೊಡುವ ಎಣಿಕೆಗಳನ್ನು) ಕೀರ್ದಿಯಲ್ಲಿ 32ರಷ್ಟು ಮುಂದಕ್ಕೆ ಬರೆದಿಟ್ಟುಕೊಳ್ಳುತ್ತದೆ, ಸ್ಟ್ಯಾಂಡ್‌ಬೈಗೆ ಗೊತ್ತಿರುವುದು ಆ ಮುಂದಿನ ಸಂಖ್ಯೆ. ನಡುವಿನವು ಕಳೆದುಹೋದ ನಮೂದುಗಳಲ್ಲ, ಯಾರೂ ಬಳಸದ ಸಂಖ್ಯೆಗಳು. ಜಿಎಸ್‌ಟಿ ಬಿಲ್ ನಂಬರು ಜಿಗಿಯುವುದಿಲ್ಲ. ಅದು ಅನುಕ್ರಮವಾಗಿಯೇ ಇರಬೇಕೆಂಬ ನಿಯಮವಿರುವುದರಿಂದ ಸೀಕ್ವೆನ್ಸ್ ಬಿಟ್ಟು ಪ್ರತ್ಯೇಕ ಕೋಷ್ಟಕದಿಂದ ಕೊಡುತ್ತಿದ್ದೇವೆ. ಬೆಳಗಿನ ಮೊದಲ ದೊಡ್ಡ ವರದಿ ಸ್ವಲ್ಪ ನಿಧಾನವಾದೀತು, ಹೊಸ ಯಂತ್ರದ ಮೆಮೊರಿ ಇನ್ನೂ ಬೆಚ್ಚಗಾಗಿರುವುದಿಲ್ಲ.

ಈಗ ನೇರವಾಗಿ ಕನೆಕ್ಟ್ ಆಗುವವರಿಗೆ. ನಿಮ್ಮ ಸೆಟ್ಟಿಂಗಿನಲ್ಲಿ ಒಂದೇ ಐಪಿ ವಿಳಾಸ ಇದ್ದರೆ ಶನಿವಾರ ರಾತ್ರಿಯಿಂದ ಬರೆಯುವ ಪ್ರತಿ ಕೆಲಸಕ್ಕೂ ‘ರೀಡ್-ಓನ್ಲಿ’ ಎಂಬ ಎರರ್, ಸಂಕೇತ 25006, ಬರುತ್ತದೆ. ಐಪಿ ತೆಗೆದು ಎರಡೂ ಸರ್ವರ್‌ಗಳ ಹೆಸರನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಹಾಕಿ, ಟಾರ್ಗೆಟ್ ಸೆಷನ್ ಆಯ್ಕೆಗೆ ರೀಡ್-ರೈಟ್ ಎಂದು ಕೊಡಿ. ಜಾವಾ ಆದರೆ ಟಾರ್ಗೆಟ್ ಸರ್ವರ್ ಟೈಪ್‌ಗೆ ಪ್ರೈಮರಿ. ಯಾವುದು ಮುಖ್ಯವೋ ಅದನ್ನು ಡ್ರೈವರೇ ಹುಡುಕಿಕೊಳ್ಳುತ್ತದೆ, ಮುಂದಿನ ಬದಲಾವಣೆಗೂ ಕೈಹಾಕಬೇಕಿಲ್ಲ. ನಕಲು ಮಾಡಿಕೊಳ್ಳುವ ಸಾಲು ನಿಮ್ಮ ಲಾಗಿನ್ ಪುಟದ ‘ಸಂಪರ್ಕ’ ವಿಭಾಗದಲ್ಲಿದೆ. ನಿಮ್ಮ ಕನೆಕ್ಷನ್ ಬೌನ್ಸರ್ ಮೂಲಕ ಬರುವುದಿಲ್ಲವಾದ್ದರಿಂದ 11ಕ್ಕೆ ಕಡಿದೇ ಹೋಗುತ್ತದೆ. ಮತ್ತೆ ಪ್ರಯತ್ನಿಸುವ ವ್ಯವಸ್ಥೆ ನಿಮ್ಮ ತಂತ್ರಾಂಶದಲ್ಲಿರಲಿ.

ರಾತ್ರಿಯಿಡೀ ತೆರೆದಿರುವ ಮೆಡಿಕಲ್ ಸ್ಟೋರ್, ಪೆಟ್ರೋಲ್ ಬಂಕ್, ಲಾಡ್ಜ್‌ನವರಲ್ಲಿ ಒಂದು ಕೋರಿಕೆ. ಚಕ್ರ ತಿರುಗುತ್ತಿರುವಾಗ ಪುಟ ರಿಫ್ರೆಶ್ ಮಾಡಬೇಡಿ. ‘ಉಳಿಸಿ’ ಗುಂಡಿಯನ್ನು ಎರಡು ಸಲ ಒತ್ತಿದರೆ ತೊಂದರೆಯಿಲ್ಲ, ಒಂದೇ ಕೋರಿಕೆ ಎಂದು ಗುರುತಿಸುತ್ತೇವೆ. ರಿಫ್ರೆಶ್ ಮಾಡಿ ಬಿಲ್ಲನ್ನು ಹೊಸದಾಗಿ ಹಾಕಿದರೆ ಅದು ಬೇರೆಯೇ ಬಿಲ್ಲಾಗುತ್ತದೆ. ಎರಡು ನಿಮಿಷ ಕಳೆದರೂ ಚಕ್ರ ನಿಲ್ಲದಿದ್ದರೆ ‘ಇಂದಿನ ಬಿಲ್ಲುಗಳು’ ತೆರೆದು ಕೊನೆಯದು ಸೇರಿದೆಯೇ ನೋಡಿ, ಆಮೇಲೆ ಮತ್ತೆ ಹಾಕಿ.

ಅಂದು ರಾತ್ರಿ 10ರಿಂದ 1ರವರೆಗೆ ಸಹಾಯವಾಣಿಯಲ್ಲಿ ನಮ್ಮವರು ಇರುತ್ತಾರೆ. ಕೆಲಸ ಮುಗಿದಾಗ ಅಥವಾ ಮುಂದೂಡಿದಾಗ, ಎರಡಕ್ಕೂ ಎಸ್‌ಎಂಎಸ್ ಬರುತ್ತದೆ.

ಇಂತಿ,
ಡೇಟಾಬೇಸ್ ನಿರ್ವಹಣಾ ತಂಡ