ಹಾವು ಕಂಡವರು ಬೇರೆ, ಎಣಿಸಿದವನು ನಾನು

ನಮ್ಮ ಹಾವಿನ ಪ್ರಬಂಧ ಕೊನೆಗೂ ಅಚ್ಚಾಯಿತು. ಹೊಸ ಪ್ರಭೇದ, ಹೊಸ ಹೆಸರು. ಎರಡು ದಿನದಿಂದ ಅಭಿನಂದನೆಗಳೆಲ್ಲ ನನಗೊಬ್ಬನಿಗೇ ಬರುತ್ತಿವೆ. ಮುಜುಗರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಂಡವನು ನಾನಲ್ಲ. ಆ ರಾತ್ರಿ ಮಳೆಯಲ್ಲಿ ನಾನು ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಕೂತಿದ್ದೆ. ಜೊತೆಗಿದ್ದ ಅಣ್ಣ ಕೊಂಬೆಗೆ ಟಾರ್ಚ್ ಹಿಡಿದು, "ಇದರ ಮೂತಿ ಬೇರೆ ಥರ ಇದೆ, ನೋಡಿ" ಅಂದರು. "ಅದೇ ಹಾವು ಬಿಡಿ ಅಣ್ಣ" ಅಂದಿದ್ದೆ! ಅವರು ಬಿಡಲಿಲ್ಲ. ಥ್ಯಾಂಕ್ಸ್ ಅಣ್ಣ.

ಇನ್ನು ಅಚ್ಚಿಗೆ ಮೊದಲು ನಮ್ಮ ಪ್ರಬಂಧವನ್ನು ಓದಿ ವಾಪಸ್ ಕಳಿಸಿದ ಪರಿಶೀಲಕರಿಗೆ ಥ್ಯಾಂಕ್ಸ್. ಅವರು ಯಾರೋ ಇವತ್ತಿಗೂ ಗೊತ್ತಿಲ್ಲ. "ಎಣಿಕೆ ಎಲ್ಲಿಂದ ಶುರು ಮಾಡಿದ್ದೀರಿ?" ಎಂದು ಒಂದೇ ಸಾಲು ಕೇಳಿದ್ದರು. ಹಾವು ಯಾವ ಪ್ರಭೇದ ಎಂದು ಗುರುತಿಸಲು ಹುರುಪೆಗಳ ಲೆಕ್ಕ ಬೇಕು. ಹೊಟ್ಟೆಯ ಅಗಲ ಹುರುಪೆಗಳನ್ನು ಎಣಿಸಲು 1951ರಲ್ಲಿ ಡೌಲಿಂಗ್ ಎಂಬ ಹಾವು ತಜ್ಞರು ಒಂದು ಕ್ರಮ ಹೇಳಿದ್ದಾರೆ. ಬೆನ್ನಿನ ಹುರುಪೆಗಳ ತೀರಾ ಕೆಳಗಿನ ಸಾಲು ಎರಡೂ ಕಡೆಯಿಂದ ಬಂದು ತಾಗುವ ಹೊಟ್ಟೆಯ ಮೊದಲ ಹುರುಪೆಯೇ ಒಂದನೆಯದು. ನಾನು ಕೆಲವು ಹಾವುಗಳಲ್ಲಿ ಸುಮ್ನೆ ಗಂಟಲಿನಿಂದಲೇ ಶುರು ಮಾಡಿಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದೇ. ಮತ್ತೆ ಎಲ್ಲವನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟು, ಹತ್ತು ಹುರುಪೆಗೊಂದು ಗುಂಡುಪಿನ್ನು ಚುಚ್ಚುತ್ತಾ ಎಣಿಸಿದೆ. ಮಧ್ಯೆ ಯಾರಾದರೂ "ಕಾಫಿ?" ಅಂದರೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಒಂದರಿಂದ. ಆಗ ನನ್ನ ಸಿಡುಕು ಸಹಿಸಿಕೊಂಡವರಿಗೆ ಕ್ಷಮೆಯೂ, ಥ್ಯಾಂಕ್ಸೂ.

ಮ್ಯೂಸಿಯಂನಲ್ಲಿ ಸತ್ತ ಹಾವುಗಳನ್ನಿಟ್ಟ ಹಳೇ ಬಾಟಲಿಗಳನ್ನು ಕಾಯುವ ಮೇಡಂಗೆ ಜಾಸ್ತಿ ಋಣ ಇದೆ. ಆಲ್ಕೋಹಾಲ್ ಆವಿಯಾದಂತೆ ತುಂಬುತ್ತಾ, ಚೀಟಿ ಅಳಿಸದಂತೆ ನೋಡಿಕೊಂಡಿದ್ದರು. ಅವುಗಳಲ್ಲೊಂದು ನಮ್ಮದೇ ಹಾವು, ಬೇರೆ ಹೆಸರಿನ ಚೀಟಿ ಹೊತ್ತು ಕೂತಿತ್ತು. ಕೆಡದಂತೆ ಮೊದಲು ಫಾರ್ಮಾಲಿನ್ ಹಾಕಿದ್ದ ದೇಹದಿಂದ ಡಿಎನ್‌ಎ ತೆಗೆಯುವುದು ತುಂಬಾ ಕಷ್ಟ, ಹಾಗಾಗಿ ಅದನ್ನು ಗುರುತಿಸಿದ್ದು ಹುರುಪೆಯ ಲೆಕ್ಕದಿಂದಲೇ. ಒಂದೇ ಹೆಸರಿನ ಕೆಳಗೆ ಹಲವು ಹಾವು ಅಡಗಿರುವುದು ಹೊಸದೇನಲ್ಲ. 'ಅಹೇಟುಲ್ಲಾ ನಸುಟಾ' ಎನ್ನುತ್ತಿದ್ದ ಹಸಿರು ಬಳ್ಳಿಹಾವನ್ನು 2020ರಲ್ಲಿ ಹಲವು ಪ್ರಭೇದಗಳಾಗಿ ಬಿಡಿಸಿದರು. ಆ ಹೆಸರು ಶ್ರೀಲಂಕಾದ ಹಾವಿಗಷ್ಟೇ ಉಳಿಯಿತು.

ಡಿಎನ್‌ಎ ಕೆಲಸ ಮಾಡಿಕೊಟ್ಟ ಗೆಳತಿಗೆ ಇಲ್ಲಿ ಒಂದೇ ಸಾಲು. ಮಿಕ್ಕಿದ್ದು ಊಟಕ್ಕೆ ಸಿಕ್ಕಾಗ.

ಯಾವ ಕಾಡು, ಯಾವ ಜಾಗ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ, ಹೇಳಲ್ಲ. ಹೊಸ ಹಾವು ಅಂದರೆ ಹಿಡಿದು ಮಾರುವವರೂ ಓದುತ್ತಾರೆ, ಅಲ್ವಾ? ಪ್ರಬಂಧದ ಪ್ರತಿ ಸಿಕ್ಕಿದ ಕೂಡಲೇ ಮೊದಲನೆಯದು ಅಣ್ಣನ ಮನೆಗೆ ಹೋಗುತ್ತೆ. ಮೂತಿಯ ಫೋಟೋ ಇರುವ ಪುಟಕ್ಕೆ ಗುರುತು ಹಾಕಿ ಕೊಡುತ್ತೇನೆ.