ಬೀಚಿಗೆ ಹೊರಡೋರು ಕಾಲಿನ ಬಗ್ಗೆನೂ ಸ್ವಲ್ಪ ಯೋಚ್ನೆ ಮಾಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಕರಾವಳಿ ಬೀಚುಗಳ ಬಗ್ಗೆ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಬ್ಯಾಗಲ್ಲಿ ಏನೇನು ಹಾಕ್ಕೋಬೇಕು ಅನ್ನೋ ಕಡೆ ಸನ್‌ಸ್ಕ್ರೀನು, ಟೋಪಿ, ಕೂಲಿಂಗ್ ಗ್ಲಾಸು, ಪವರ್ ಬ್ಯಾಂಕು ಎಲ್ಲಾ ಇತ್ತು, ಕಾಲಿಗೇನು ಅಂತ ಮಾತ್ರ ಒಂದು ಸಾಲೂ ಇರ್ಲಿಲ್ಲ. ನಾವು ಉಡುಪಿ ಕಡೆಯವ್ರು. ಮಳೆಗಾಲ ಮುಗಿದು ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟು ಶುರುವಾಯ್ತು ಅಂದ್ರೆ ಬೆಂಗಳೂರು, ಹುಬ್ಳಿ, ದಾವಣಗೆರೆಯಿಂದ ನೆಂಟರು ಬರ್ತಾನೇ ಇರ್ತಾರೆ, ಅವರ ಜತೆ ದ್ವೀಪಕ್ಕೆ ಹೋದಾಗೆಲ್ಲ ಯಾರಾದ್ರೂ ಒಬ್ರು ಪಾದ ಕುಯ್ಕೊಂಡು ಕರ್ಚೀಫ್ ಒತ್ಕೊಂಡು ಕೂತಿರೋದು ಕಣ್ಣಿಗೆ ಬೀಳತ್ತೆ. ಅದಕ್ಕೇ ಈ ಪತ್ರ.

ಎಲ್ಲಾ ಬೀಚಿಗೂ ವಾಟರ್ ಶೂ, ಅಂದ್ರೆ ನೀರಲ್ಲಿ ಹಾಕ್ಕೊಂಡು ನಡೆಯೋಕೆ ಅಂತಲೇ ಮಾಡಿರೋ ಬಟ್ಟೆ-ರಬ್ಬರಿನ ಶೂ, ಬೇಕು ಅಂತ ನಾನು ಹೇಳಲ್ಲ. ಮಲ್ಪೆ, ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಇಲ್ಲೆಲ್ಲ ಒಳ್ಳೆ ಮರಳು, ಬೆಳಿಗ್ಗೆ ಸಂಜೆ ಬರಿಗಾಲಲ್ಲಿ ನಡೆಯೋ ಸುಖಾನೇ ಬೇರೆ, ಅಲ್ಲಿ ಶೂ ಹಾಕ್ಕೊಂಡು ಅದನ್ಯಾಕೆ ಕಳ್ಕೋಬೇಕು. ಆದ್ರೆ ಸೇಂಟ್ ಮೇರಿಸ್ ಹಂಗಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಸೀಳಿದ ಕಲ್ಲು ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿರೋ ಜಾಗ, ಅಂಚು ಇನ್ನೂ ಚೂಪಾಗೇ ಇದೆ, ದಡದಲ್ಲಿ ಮರಳಿಗಿಂತ ಒಡೆದ ಚಿಪ್ಪೇ ಜಾಸ್ತಿ. ಸೋಮೇಶ್ವರದ ಬಂಡೆ, ಕಾಪು ಲೈಟ್‌ಹೌಸ್ ಬುಡದ ಕಲ್ಲು, ಗೋಕರ್ಣದಲ್ಲಿ ಓಂ ಬೀಚಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ಹೋಗೋ ಹಾದಿ, ಇಲ್ಲೆಲ್ಲ ಕಾಲಿಗೆ ಏನಾದ್ರೂ ಬೇಕೇ ಬೇಕು. ನೀರೊಳಗಿನ ಕಲ್ಲಿಗೆ ಅಂಟ್ಕೊಂಡಿರೋ ಚಿಪ್ಪಿನ ಬಾಯಿ ಬ್ಲೇಡ್ ಥರ ಇರತ್ತೆ, ಕುಯ್ದಿದ್ದು ಆ ಕ್ಷಣಕ್ಕೆ ಗೊತ್ತೂ ಆಗಲ್ಲ, ದಡಕ್ಕೆ ಬಂದು ನೋಡಿದ್ರೆ ರಕ್ತ.

ಹೆಚ್ಚಿನವರು ಹಾಕ್ಕೊಂಡು ಬರೋದು ಹವಾಯಿ ಚಪ್ಪಲಿ. ಅದು ಬಸ್ಸಿಂದ ಬೀಚಿನವರೆಗೆ ಸರಿ, ನೀರಿಗೆ ಸರಿಯಿಲ್ಲ. ಅಲೆ ವಾಪಸ್ ಎಳೆಯುವಾಗ ಮೊದಲು ಹೋಗೋದೇ ಚಪ್ಪಲಿ, ಅದು ತೇಲ್ತಾ ಹೋಗತ್ತೆ, ಅದನ್ನ ಹಿಡಿಯೋಕೆ ಮಕ್ಕಳು ಹಿಂದೆ ಹೋಗ್ತಾರೆ, ಅಪಾಯ ಇರೋದೇ ಅಲ್ಲಿ. ಕ್ರಾಕ್ಸ್ ಥರದ್ದೂ ಅಷ್ಟೇ, ಸಡಿಲ, ತೇಲತ್ತೆ. ಸ್ಪೋರ್ಟ್ಸ್ ಶೂ ಹಾಕಿದ್ರೆ ನೀರು ಕುಡ್ದು ಭಾರ ಆಗತ್ತೆ, ಸಾಕ್ಸೊಳಗೆ ಮರಳು ಸೇರ್ಕೊಂಡು ಹಿಮ್ಮಡಿ ಉಜ್ಜಿ ಬೊಬ್ಬೆ ಬರತ್ತೆ.

ವಾಟರ್ ಶೂ ತಗೊಳ್ಳೋವಾಗ ಜನ ಬಣ್ಣ ನೋಡ್ತಾರೆ, ನೋಡ್ಬೇಕಾಗಿರೋದು ಸೋಲು, ಅಂದ್ರೆ ಶೂವಿನ ಅಡಿಭಾಗ. ಶೂ ಒಳಗೆ ಕೈ ಹಾಕಿ, ಹೊರಗಡೆಯಿಂದ ಇನ್ನೊಂದು ಕೈಯ ಹೆಬ್ಬೆರಳ ಉಗುರಲ್ಲಿ ಗಟ್ಟಿಯಾಗಿ ಒತ್ತಿ, ಒಳಗಿನ ಬೆರಳಿಗೆ ಉಗುರು ಚುಚ್ಚಿದ ಹಾಗೆ ಆದ್ರೆ ಚಿಪ್ಪೂ ಚುಚ್ಚತ್ತೆ ಅಂತಲೇ ಲೆಕ್ಕ. ಆನ್‌ಲೈನಲ್ಲಿ ಕಡಿಮೆ ರೇಟಿಗೆ ಸಿಗೋ ತುಂಬಾ ತೆಳ್ಳಗಿನವು, ಅದೇ ಬಟ್ಟೆ ಸಾಕ್ಸಿಗೆ ರಬ್ಬರ್ ಚುಕ್ಕಿ ಇಟ್ಟಂಥವು, ಸ್ವಿಮಿಂಗ್ ಪೂಲಿಗೆ ಆದೀತು, ಬಂಡೆಗೆ ಆಗಲ್ಲ. ಮುಂಗಾಲು ಮಡಚೋ ಜಾಗದಲ್ಲಿ ಶೂ ಸುಲಭವಾಗಿ ಬಾಗ್ಬೇಕು, ಬೆರಳ ಮುಂದೆ ಸೋಲಿನ ರಬ್ಬರು ಸ್ವಲ್ಪ ಮೇಲೆ ಹತ್ತಿ ಬಂದಿರ್ಬೇಕು, ಯಾಕಂದ್ರೆ ನೀರೊಳಗೆ ಕಲ್ಲು ಕಾಣದೆ ಎಡವೋದೇ ಜಾಸ್ತಿ. ತಳದಲ್ಲೋ ಪಕ್ಕದಲ್ಲೋ ನೀರು ಹೋಗೋಕೆ ತೂತು ಇರ್ಬೇಕು, ಆ ತೂತಿಗೆ ಒಳಗಿಂದ ಜಾಲರಿ ಇರ್ಬೇಕು, ಇಲ್ದಿದ್ರೆ ನೀರು ಹೋದಷ್ಟೇ ಮರಳು ಒಳಗೆ ಬರತ್ತೆ. ಮನೆಗೆ ತಂದ ಮೇಲೆ ನಲ್ಲಿ ಕೆಳಗೆ ಹಿಡಿದು ತುಂಬಿಸಿ ನೋಡಿ, ಎತ್ತಿದ ಕೂಡಲೇ ಖಾಲಿ ಆಗ್ಬೇಕು, ಒಳಗೇ ನಿಂತ್ರೆ ವಾಪಸ್ ಕೊಡಿ. ಬಿಗಿ ಮಾಡೋಕೆ ವೆಲ್ಕ್ರೋಗಿಂತ ಎಲಾಸ್ಟಿಕ್ ದಾರ ವಾಸಿ ಅನ್ನೋದು ನನ್ನ ಅಭಿಪ್ರಾಯ, ವೆಲ್ಕ್ರೋದಲ್ಲಿ ಮರಳು ಕೂತ್ರೆ ಹಿಡ್ಕೊಳ್ಳೋದೇ ಇಲ್ಲ.

ಸೈಜಿನ ವಿಷ್ಯಕ್ಕೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ತಪ್ಪೋದೇ ಅಲ್ಲಿ. ಈ ಶೂಗಳಲ್ಲಿ ಬಹಳಷ್ಟು 40-41, 42-43 ಅಂತ ಎರಡೆರಡು ಸೈಜ್ ಸೇರಿಸಿ ಬರತ್ತೆ, ನಮ್ಮ 7, 8 ನಂಬರಿಗೆ ಅದು ಹೊಂದೋದು ಗೊತ್ತಾಗಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರೋವಾಗ, ಪೇಪರ್ ಮೇಲೆ ನಿಂತು ಗೆರೆ ಎಳೆದು ಸೆಂಟಿಮೀಟರಲ್ಲಿ ಅಳೆದು ಚಾರ್ಟ್ ನೋಡಿ ತಗೊಳ್ಳಿ. ಎರಡರ ಮಧ್ಯೆ ಬಂದ್ರೆ, ಬೆರಳು ಮಡಚದೆ ಕೂತ್ಕೊಳ್ಳೋ ಹಾಗಿದ್ರೆ ಚಿಕ್ಕದೇ ಇರ್ಲಿ, ನೆಂದ ಮೇಲೆ ಬಟ್ಟೆ ಸ್ವಲ್ಪ ಸಡಿಲ ಆಗತ್ತೆ. ಮಕ್ಕಳಿಗೆ ಮಾತ್ರ ಎಲ್ಲರೂ ಒಂದು ಸೈಜ್ ದೊಡ್ಡದು ತಗೊಳ್ತಾರೆ, ಮುಂದಿನ ವರ್ಷಕ್ಕೂ ಆಗ್ಲಿ ಅಂತ. ಸ್ಕೂಲ್ ಯೂನಿಫಾರ್ಮಿಗೆ ಆ ಲೆಕ್ಕ ಸರಿ, ಇದಕ್ಕೆ ಬೇಡ. ಸಡಿಲ ಶೂ ಒಳಗೆ ಕಾಲು ಜಾರಿದ್ರೆ ಬಂಡೆ ಮೇಲೆ ಮಗು ಬೀಳತ್ತೆ.

ಶೂ ಇದೆ ಅಂತ ಪಾಚಿ ಮೇಲೆ ಧೈರ್ಯವಾಗಿ ಹತ್ತೋಕೂ ಹೋಗ್ಬೇಡಿ. ಹಸಿರು ಪಾಚಿ ಕಟ್ಟಿದ ಒದ್ದೆ ಬಂಡೆ ಯಾವ ಸೋಲಿಗೂ ಮರ್ಯಾದೆ ಕೊಡಲ್ಲ. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳೂ ಶೂವಿನ ಬಟ್ಟೆನ ದಾಟ್ಕೊಂಡು ಹೋಗತ್ತೆ, ಆ ಮೀನು ಮರಳಲ್ಲಿ ಹೂತ್ಕೊಂಡು ಮಲಗಿರತ್ತೆ, ಹಾಗಾಗಿ ಆಳ ಇಲ್ಲದ ನೀರಲ್ಲಿ ನಡೆಯುವಾಗ ಕಾಲು ಎತ್ತಿ ಇಡೋ ಬದಲು ಮರಳಲ್ಲಿ ಎಳೀತಾ ನಡೆಯೋದು ಒಳ್ಳೇದು, ಆ ಅಲುಗಾಟಕ್ಕೆ ಅದೇ ಸರ್ಕೊಂಡು ಹೋಗತ್ತೆ.

ಸಕ್ಕರೆ ಕಾಯಿಲೆ ಇರೋ ಹಿರಿಯರ ಬಗ್ಗೆ ನಂಗೆ ನಿಜವಾಗ್ಲೂ ಚಿಂತೆ. ಎಷ್ಟೋ ಜನಕ್ಕೆ ಪಾದದಲ್ಲಿ ಸ್ಪರ್ಶವೇ ಕಡಿಮೆ ಆಗಿರತ್ತೆ, ಕುಯ್ದಿದ್ದೂ ಗೊತ್ತಾಗಲ್ಲ, ಮಧ್ಯಾಹ್ನದ ಕಾದ ಮರಳಲ್ಲಿ ಸುಟ್ಟಿದ್ದೂ ಗೊತ್ತಾಗಲ್ಲ. ಮೇಲೆ ನಾನು ಮರಳಲ್ಲಿ ಬರಿಗಾಲು ಸುಖ ಅಂದಿದ್ದು ಇವರಿಗೆ ಅನ್ವಯ ಆಗಲ್ಲ, ಇವರು ಮಲ್ಪೆಯಲ್ಲೂ ಶೂ ಬಿಚ್ಚಬಾರ್ದು, ರೂಮಿಗೆ ಬಂದ ಮೇಲೆ ಮನೆಯವ್ರು ಯಾರಾದ್ರೂ ಅಂಗಾಲು, ಬೆರಳ ಸಂದಿ ಬೆಳಕಲ್ಲಿ ನೋಡ್ಬೇಕು. ಗಾಯ ಆದ್ರೆ ಕಾಫಿ ಪುಡಿ, ಅರಿಶಿನ ತುಂಬೋದು ಬೇಡ, ಅದರೊಳಗೆ ಚಿಪ್ಪಿನ ಚೂರು ಉಳಿದಿದ್ರೆ ಕಾಣ್ಸೋದೇ ಇಲ್ಲ. ಸಿಹಿ ನೀರಲ್ಲಿ ಚೆನ್ನಾಗಿ ತೊಳೆದು ಶುದ್ಧ ಬಟ್ಟೆ ಒತ್ತಿ ಹಿಡಿದು ಡಾಕ್ಟರ್ ಹತ್ರ ಹೋಗಿ ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಸಕ್ಕರೆ ಕಾಯಿಲೆ, ಲಿವರ್ ತೊಂದ್ರೆ ಇರೋರು ಅವತ್ತೇ ಹೋಗ್ಬೇಕು, ಸಮುದ್ರದ ನೀರಲ್ಲಿರೋ ಕೆಲವು ಬ್ಯಾಕ್ಟೀರಿಯಾ ಇಂಥವರಿಗೆ ಬಹಳ ಬೇಗ ಜೋರಾಗತ್ತೆ.

ಕೊನೆಗೆ ಸಂಬಂಧಪಟ್ಟವರಿಗೆ ನಿಮ್ಮ ಪತ್ರಿಕೆ ಮೂಲಕ ಒಂದು ವಿನಂತಿ. ದ್ವೀಪಕ್ಕೆ ಟಿಕೆಟ್ ಕೊಡೋ ಜಾಗದಲ್ಲೇ, ಅಂದ್ರೆ ಬೋಟು ಹತ್ತೋಕೆ ಮುಂಚೆ, "ದಡದಲ್ಲಿ ಚೂಪು ಕಲ್ಲು ಮತ್ತು ಚಿಪ್ಪು ಇದೆ, ಕಾಲಿಗೆ ಬಿಗಿಯಾದ ಪಾದರಕ್ಷೆ ಇರಲಿ" ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿ. ದ್ವೀಪದಲ್ಲಿ ಇಳಿದ ಮೇಲೆ ಹೇಳಿದ್ರೆ ಶೂ ಎಲ್ಲಿಂದ ತರೋದು? ಬೀಚಿನ ಅಂಗಡಿಯವರೂ ಟೋಪಿ, ಬಲೂನಿನ ಪಕ್ಕ ಎಲ್ಲಾ ಸೈಜಿನ ನಾಲ್ಕು ನಾಲ್ಕು ಜೊತೆ ಒಳ್ಳೆ ವಾಟರ್ ಶೂ ಇಟ್ರೆ ಖಂಡಿತ ಖರ್ಚಾಗತ್ತೆ. ಬಾಡಿಗೆಗೆ ಕೊಡೋದಾದ್ರೆ ಮಾತ್ರ ಒಬ್ರು ಬಿಚ್ಚಿದ್ದನ್ನ ತೊಳೆದು ಪೂರ್ತಿ ಒಣಗಿಸದೆ ಇನ್ನೊಬ್ಬರಿಗೆ ಕೊಡ್ಬೇಡಿ, ಒದ್ದೆ ಶೂಯಿಂದ ಕಾಲ ಬೆರಳಿಗೆ ಫಂಗಸ್ ಹತ್ತತ್ತೆ.

ಇಂತಿ,
ಒಬ್ಬ ಓದುಗ, ಉಡುಪಿ